ಮನೆಹೆಸರಿನ ಹನ್ನೊಂದು ಮಂದಿ

ರಾಯಚೂರಿನ ಬಿಸಿಲಲ್ಲಿ ಕ್ರಿಕೆಟ್ ಆಡಿ ಬೆಳೆದವನು ನಾನು. ಮಾನ್ವಿಗೋ ದೇವದುರ್ಗಕ್ಕೋ ಟೂರ್ನಿಗೆ ಹೊರಟಾಗೆಲ್ಲ ನಮಗೆ ಒಂದೇ ಚಿಂತೆ: ಹನ್ನೊಂದು ಜನ ಆಗುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಂಡ ಹುಡುಗನನ್ನೇ ಹತ್ತಿಸಿಕೊಂಡು ಹೋದದ್ದುಂಟು. ಹಾಗಾಗಿ ಕೊಡಗಿನ ಕೌಟುಂಬಿಕ ಹಾಕಿಯ ಕಟ್ಟಳೆ ಕೇಳಿ ಬೆರಗಾದೆ. ಅಲ್ಲಿ ತಂಡದ ಅಷ್ಟೂ ಜನ ಒಂದೇ ಮನೆತನದವರು, ಹೊರಗಿನವರನ್ನು ಕರೆತರುವಂತಿಲ್ಲ.

ಇದು ಶುರುವಾದದ್ದು 1997ರಲ್ಲಿ, ಕರಡ ಗ್ರಾಮದಲ್ಲಿ. ಓದು, ನೌಕರಿ ಅಂತ ಚದುರಿದ ಒಕ್ಕದವರು, ಅಂದರೆ ಒಂದೇ ಮನೆತನದವರು, ವರ್ಷಕ್ಕೊಮ್ಮೆ ಒಂದೆಡೆ ಸೇರಲಿ ಎಂಬುದು ಪಾಂಡಂಡ ಕುಟ್ಟಪ್ಪನವರ ಹಂಬಲ. ಆ ಸಲ ಆಡಿದ್ದು 60 ಕುಟುಂಬ. ಆಮೇಲೆ ವರ್ಷಕ್ಕೊಂದು ಮನೆತನ ಹೊಣೆ ಹೊತ್ತಿತು, ಕಪ್ಪಿಗೂ ಅದೇ ಹೆಸರು. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ಪಿಗೆ 360 ತಂಡ ಇಳಿದು ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್ಪಿಗೆ 396.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಲೆಕ್ಕವಲ್ಲ, ತಂಡ ತುಂಬಿಸುವ ಬಗೆ. ಹಾಕಿ ಇಂಡಿಯಾ ಲೀಗಿನ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ ಅವರಿಗೆ 78 ಲಕ್ಷ ಕೊಟ್ಟರು. ಇಲ್ಲಿ ದುಡ್ಡು ಸುರಿದರೂ ಒಬ್ಬ ಆಟಗಾರ ಸಿಗುವುದಿಲ್ಲ. ಬ್ಯಾಕ್ ಆಡುವ ದೊಡ್ಡಪ್ಪನ ಮಂಡಿ ಸೋತರೆ, ಆ ಜಾಗಕ್ಕೆ ಮನೆಯ ಹುಡುಗನೊಬ್ಬ ಅಷ್ಟರೊಳಗೆ ತಯಾರಾಗಿರಬೇಕು. ಹೆಣ್ಣುಮಕ್ಕಳೂ ಅದೇ ತಂಡದಲ್ಲಿ ಆಡುತ್ತಾರೆ. ಮದುವೆಯಾದವಳು ತವರಿಗಾದರೂ ಆಡಬಹುದು, ಗಂಡನ ಮನೆಗಾದರೂ ಆಡಬಹುದು. ಚೆನ್ನಾಗಿ ಆಡುವ ಸೊಸೆಗೆ ಎರಡೂ ಕಡೆಯಿಂದ ಕರೆ. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಎಸ್.ವಿ. ಸುನಿಲ್ ಅವರಂಥ ಒಲಿಂಪಿಯನ್ನರನ್ನು ಕೊಟ್ಟ ನೆಲದಲ್ಲಿ ಆಟದ ಬೇರು ಹಳೆಯದು. ಆದರೆ ಸಾಮಾನ್ಯ ಮನೆಯ ಸಾಮಾನ್ಯ ಹುಡುಗನಿಗೂ ಜೆರ್ಸಿ ತೊಡಿಸಿದ್ದು ಈ ಹಬ್ಬವೇ.

2018ರ ಭೂಕುಸಿತ, ಮರುವರ್ಷದ ನೆರೆ, ಆಮೇಲೆ ಕೋವಿಡ್. ಹಬ್ಬ ನಿಂತೇಹೋಗಿ, ಮತ್ತೆ ನಡೆದದ್ದು 2023ರಲ್ಲಿ. ಆ ನಷ್ಟ ನನ್ನನ್ನು ಈಗಲೂ ಚುಚ್ಚುತ್ತದೆ. ಕೊನೆಯ ಐದು ನಿಮಿಷಕ್ಕೆ ಇಳಿದು ಆಟ ಕಲಿಯಬೇಕಿದ್ದ ಹನ್ನೆರಡರ ಹುಡುಗ, ಮೈದಾನಕ್ಕೆ ಬರುವಷ್ಟರಲ್ಲಿ ಮೀಸೆ ಮೂಡಿದವನಾಗಿದ್ದ.

ನಾಪೋಕ್ಲಿನಲ್ಲಿ ಮೈದಾನದ ಗೆರೆಯಾಚೆ ಒಬ್ಬ ಅಜ್ಜ ಕೂತಿದ್ದರು, ಶಾರ್ಟ್ಸ್ ಮೇಲೆ ಸ್ವೆಟರ್. ಪಕ್ಕದಲ್ಲಿ ಮೊಮ್ಮಗಳು, ಅವಳ ಪಾದಕ್ಕಿಂತ ಬೂಟೇ ದೊಡ್ಡದು. ಅವರ ಮನೆಯ ತಂಡ ಮೂರು ಗೋಲು ಹಿಂದಿತ್ತು. ಅಜ್ಜ ಬೂಟಿನ ಮುಂದಕ್ಕೆ ಕಾಗದ ತುರುಕಿ, ಲೇಸನ್ನು ಎರಡು ಸುತ್ತು ಸುತ್ತಿ ಬಿಗಿದು, ತಮ್ಮ ಸ್ಟಿಕ್ಕನ್ನೇ ಅವಳ ಕೈಗೆ ಕೊಟ್ಟು ಒಳಗೆ ಕಳಿಸಿದರು.