ಯೀಸ್ಟ್‌ನಲ್ಲಿ ಸಿಕ್ಕಿದ ಜ್ವರದ ಗುಟ್ಟು

ಬೇಕರಿಯ ಬ್ರೆಡ್, ಬನ್ನು ಉಬ್ಬುವುದು ಯೀಸ್ಟ್‌ನಿಂದ ಎಂದು ಎಲ್ಲರಿಗೂ ಗೊತ್ತು. ಅಂಗಡಿಯಲ್ಲಿ ಸಣ್ಣ ಪೊಟ್ಟಣದಲ್ಲಿ ಸಿಗುವ ಆ ಕಂದು ಕಾಳುಗಳು ಬರೀ ಪುಡಿಯಲ್ಲ, ಜೀವಿಗಳು. ಉಗುರುಬೆಚ್ಚಗಿನ ನೀರು, ಚೂರು ಸಕ್ಕರೆ ಸಿಕ್ಕಿದರೆ ಸಾಕು, ಎದ್ದು ಕೆಲಸ ಶುರು ಮಾಡುತ್ತವೆ. ಒಂದು ಯೀಸ್ಟ್ ಅಂದರೆ ಒಂದೇ ಒಂದು ಜೀವಕೋಶ. ಕಣ್ಣಿಲ್ಲ, ಕಿವಿಯಿಲ್ಲ, ರಕ್ತವಿಲ್ಲ, ಅದಕ್ಕೆ ಜ್ವರವೂ ಬರುವುದಿಲ್ಲ.

ನಮ್ಮ ಮನೆಯಲ್ಲಿ ಬಿಎಸ್ಸಿ ಓದುವ ಮಗಳು, "ಉಪ್ಪ, ನಾನು ಯೀಸ್ಟ್ ಮೇಲೆ ಸಂಶೋಧನೆ ಮಾಡ್ತೇನೆ" ಎಂದರೆ ನಾವು ಏನು ಹೇಳುತ್ತೇವೆ? "ಅದರಿಂದ ಎಂತ ಉಪಯೋಗ?" ಎಂದು ಕೇಳುವವರೇ ಹೆಚ್ಚು. ಡಾಕ್ಟರ್ ಆದರೆ ರೋಗ ಗುಣಪಡಿಸಬಹುದು, ಇಂಜಿನಿಯರ್ ಆದರೆ ಗಲ್ಫ್‌ನಲ್ಲಿ ಕೆಲಸ ಉಂಟು, ಯೀಸ್ಟ್ ನೋಡಿಕೊಂಡು ಕೂತರೆ ಏನು ಸಿಗುತ್ತದೆ? ಪ್ರಶ್ನೆ ತಪ್ಪಲ್ಲ. ಅದಕ್ಕೆ ಒಳ್ಳೆಯ ಉತ್ತರ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿ ಕುನಿಹಿರೊ ಮಟ್ಸುಮೊಟೊ ಅವರ ಸಂಶೋಧನಾ ಬದುಕಿನಲ್ಲಿ ಇದೆ. ಅವರು ಶುರು ಮಾಡಿದ್ದು ಯೀಸ್ಟ್‌ನಿಂದ. ಮುಟ್ಟಿದ್ದು ನಮ್ಮ ಮೈಯಲ್ಲಿ ಜ್ವರ, ಬಾವು, ಉರಿಯೂತ ಏಳುವಾಗ ಕೆಲಸ ಮಾಡುವ ಒಂದು ಮುಖ್ಯ ಕೊಂಡಿಯನ್ನು.

ಹಾಳು ಮಾಡಿ ಕಲಿಯುವ ವಿದ್ಯೆ

ಯೀಸ್ಟ್ ತಳಿಶಾಸ್ತ್ರದ ದಾರಿ ಸರಳ. ಒಂದು ಯಂತ್ರ ಹೇಗೆ ಓಡುತ್ತದೆ ಎಂದು ಗೊತ್ತಾಗಬೇಕಾದರೆ ಒಂದೊಂದೇ ಭಾಗ ಕೆಡಿಸಿ ನೋಡುವುದು. ಯೀಸ್ಟ್‌ನಲ್ಲಿ ಸುಮಾರು 6000 ಜೀನ್‌ಗಳಿವೆ. ಅನುಕೂಲವಾದ ವಾತಾವರಣದಲ್ಲಿ ಅದು ಸುಮಾರು ಒಂದೂವರೆ ಗಂಟೆಗೆ ಒಂದು ಇದ್ದದ್ದು ಎರಡಾಗುತ್ತದೆ. ಒಂದು ಜೀನ್ ಕೆಟ್ಟರೆ ಏನಾಗುತ್ತದೆ ಎಂದು ಎರಡು ಮೂರು ದಿನದಲ್ಲೇ ತಟ್ಟೆಯಲ್ಲಿ ಕಣ್ಣಿಗೆ ಕಾಣುತ್ತದೆ. ಮನುಷ್ಯರ ಮೇಲೆ ಇದನ್ನೆಲ್ಲ ಮಾಡಲಿಕ್ಕೆ ಆಗುತ್ತದಾ?

1982ರಲ್ಲಿ ಮಟ್ಸುಮೊಟೊ ಮತ್ತು ಸಂಗಡಿಗರು ಇಂಥದೇ ಕೆಲಸ ಪ್ರಕಟಿಸಿದರು. ಜೀವಕೋಶದ ಒಳಗೆ ಸುದ್ದಿ ಮುಟ್ಟಿಸುವ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು ಇದೆ. ನಾವು ಗಾಬರಿಯಾದಾಗ ಅಡ್ರಿನಲಿನ್ ಹಾರ್ಮೋನು ಎದೆ ಬಡಿತ ಹೆಚ್ಚಿಸುವುದು ಈ ಅಣುವಿನ ಮೂಲಕವೇ. ಅದನ್ನು ತಯಾರಿಸಲು ಬಾರದ ಯೀಸ್ಟ್ ತಳಿಯನ್ನು ಅವರು ಪಡೆದರು. ಆ ಯೀಸ್ಟ್ ಬೆಳೆಯಲಿಲ್ಲ. ಹೊರಗಿನಿಂದ ಆ ಅಣುವನ್ನು ಕೊಟ್ಟರೆ ಬೆಳೆಯಿತು. ಆಮೇಲೆ ಇನ್ನೊಂದು ಜೀನ್ ಕೆಟ್ಟಾಗ, ಹೊರಗಿನಿಂದ ಏನೂ ಕೊಡದೆಯೂ ಬೆಳೆಯಿತು. ಒಂದು ಹಾಳಾದದ್ದನ್ನು ಇನ್ನೊಂದು ಹಾಳಾಗಿ ಸರಿ ಮಾಡಿತು! ಹೀಗೆ ಯಾವ ಭಾಗದ ಹಿಂದೆ ಯಾವ ಭಾಗ ನಿಂತಿದೆ ಎಂದು ಲೆಕ್ಕ ಹಾಕಬಹುದು.

ಯೀಸ್ಟ್‌ನಲ್ಲೂ ಎರಡು ಪಂಗಡ ಉಂಟು, 'ಎ' ಮತ್ತು 'ಆಲ್ಫಾ'. ಒಂದು ಇನ್ನೊಂದಕ್ಕೆ ಫೆರೊಮೋನ್ ಎಂಬ ರಾಸಾಯನಿಕದ ಮೂಲಕ ಸುದ್ದಿ ಕಳಿಸುತ್ತದೆ. ಸುದ್ದಿ ಮುಟ್ಟಿದ ಕೋಶ ಬೆಳೆಯುವುದನ್ನು ನಿಲ್ಲಿಸಿ ಜೋಡಿಯಾಗಲು ತಯಾರಾಗುತ್ತದೆ. 1987ರಲ್ಲಿ ಮಟ್ಸುಮೊಟೊ ಮತ್ತು ಕ್ಯಾಲಿಫೋರ್ನಿಯಾದ ಡಿಎನ್‌ಎಎಕ್ಸ್ ಸಂಸ್ಥೆಯ ವಿಜ್ಞಾನಿಗಳೂ ಇದ್ದ ತಂಡ, ಈ ಸುದ್ದಿಯ ದಾರಿಯಲ್ಲಿರುವ ಜಿಪಿಎ1 ಎಂಬ ಜೀನ್ ಅನ್ನು ವರದಿ ಮಾಡಿತು. ಅದೇ ವರ್ಷ ಇನ್ನೊಂದು ತಂಡವೂ ಅದೇ ಜೀನ್‌ಗೆ ತಲುಪಿತ್ತು. ಆ ಜೀನ್ ತಯಾರಿಸುವ ಪ್ರೊಟೀನು ಪ್ರಾಣಿಗಳಲ್ಲಿರುವ 'ಜಿ ಪ್ರೊಟೀನು' ಎಂಬ ಗುಂಪಿನದ್ದೇ ಆಗಿತ್ತು. ಬ್ರೆಡ್ಡಿನ ಯೀಸ್ಟೂ ನಮ್ಮ ಜೀವಕೋಶವೂ ಸುದ್ದಿ ದಾಟಿಸುವುದು ಹೆಚ್ಚು ಕಡಿಮೆ ಒಂದೇ ಬಗೆಯ ಸಾಮಾನಿನಿಂದ ಎಂದಾಯಿತು.

ಸಾಲಿನಲ್ಲಿ ಒಬ್ಬನನ್ನು ತೆಗೆದರು

ಮುಂದಿನ ಹೆಜ್ಜೆಯೇ ದೊಡ್ಡದು. ಮನೆಗೆ ಸ್ಲ್ಯಾಬ್ ಹಾಕುವಾಗ ಕೆಲಸದವರು ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ? ಯೀಸ್ಟ್‌ನಲ್ಲಿ ಫೆರೊಮೋನ್ ಸುದ್ದಿಯೂ ಹಾಗೆಯೇ ಮೂರು ಕೈನೇಸ್‌ಗಳ ಮೂಲಕ ದಾಟುತ್ತದೆ. ಕೈನೇಸ್ ಅಂದರೆ ಇನ್ನೊಂದು ಪ್ರೊಟೀನಿಗೆ ಫಾಸ್ಫೇಟ್ ಅಂಟಿಸಿ ಅದನ್ನು ಎಚ್ಚರಿಸುವ ಪ್ರೊಟೀನು. ಮೊದಲನೆಯವನ ಹೆಸರು ಎಸ್‌ಟಿಇ11.

ಮಟ್ಸುಮೊಟೊ ಅವರ ತಂಡ ಈ ಮೊದಲನೆಯವನನ್ನು ಸಾಲಿನಿಂದ ತೆಗೆದುಹಾಕಿತು. ಎರಡನೆಯವನನ್ನು ಸ್ವಲ್ಪ ತಟ್ಟಿದರೂ ಏಳುವ ಹಾಗೆ ಬದಲಿಸಿತು. ಸುದ್ದಿ ಕೊನೆಯವರೆಗೆ ಮುಟ್ಟಿದರೆ ಮಾತ್ರ ಯೀಸ್ಟ್ ಬದುಕುವಂತೆ, ಇಲ್ಲದಿದ್ದರೆ ಬೆಳೆಯದಂತೆ ಏರ್ಪಾಡು ಮಾಡಿತು. ಆಮೇಲೆ ಇಲಿಯ ಜೀನ್‌ಗಳನ್ನು ಒಂದೊಂದು ಯೀಸ್ಟ್‌ಗೆ ಒಂದೊಂದರಂತೆ ತುಂಬಿಸಿತು. ಪ್ರಶ್ನೆ ಇಷ್ಟೇ: ಕಾಣೆಯಾದವನ ಜಾಗದಲ್ಲಿ ನಿಂತು ಬಾಂಡ್ಲಿ ದಾಟಿಸಬಲ್ಲ ಇಲಿಯ ಪ್ರೊಟೀನು ಯಾವುದಾದರೂ ಉಂಟಾ?

ಉಂಟು ಎಂದು ಬೆಳೆದು ತೋರಿಸಿದ ಯೀಸ್ಟ್‌ನೊಳಗೆ ಹೊಸ ಕೈನೇಸ್ ಒಂದು ಸಿಕ್ಕಿತು. 1995ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಟ್ಯಾಕ್1 ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಟಿಜಿಎಫ್-ಬೀಟಾ ಎಂಬ ಸಂಕೇತಕ್ಕೆ ಓಗೊಡುವ ಕೈನೇಸ್ ಎಂದು ಆ ಹೆಸರು. ಮರುವರ್ಷವೇ ಅದರ ಜೊತೆಗಾರ ಟ್ಯಾಬ್1 ಸಿಕ್ಕಿತು. ಅದನ್ನು ಹಿಡಿದದ್ದೂ ಯೀಸ್ಟ್‌ನಲ್ಲೇ. ಯಾವ ಪ್ರೊಟೀನು ಯಾವುದರ ಕೈ ಹಿಡಿಯುತ್ತದೆ ಎಂದು ಯೀಸ್ಟ್ ಒಳಗೆ ಪತ್ತೆ ಮಾಡುವ ವಿಧಾನವನ್ನು 1989ರಲ್ಲಿ ಸ್ಟ್ಯಾನ್ಲಿ ಫೀಲ್ಡ್ಸ್ ಮತ್ತು ಒಕ್-ಕ್ಯು ಸಾಂಗ್ ಕೊಟ್ಟಿದ್ದರು.

ಜ್ವರದ ದಾರಿಯಲ್ಲಿ

ಇಲ್ಲಿಯವರೆಗೆ ರೋಗದ ಮಾತೇ ಇರಲಿಲ್ಲ. ಗಾಯದ ಮೂಲಕ ರೋಗಾಣು ಒಳಗೆ ಬಂತು ಎಂದಿಟ್ಟುಕೊಳ್ಳಿ. ಕಾವಲಿಗಿರುವ ಬಿಳಿ ರಕ್ತಕಣಗಳು ಇಂಟರ್‌ಲ್ಯೂಕಿನ್-1 ಎಂಬ ಸುದ್ದಿಗಾರನನ್ನು ಬಿಡುತ್ತವೆ. ಗಾಯದ ಜಾಗ ಕೆಂಪಾಗುವುದು, ಬಾತುಕೊಳ್ಳುವುದು, ಮೈ ಬಿಸಿಯಾಗುವುದು, ಇದರಲ್ಲೆಲ್ಲ ಅದರ ಕೈವಾಡವಿದೆ. ಸುದ್ದಿ ಮುಟ್ಟಿದ ಜೀವಕೋಶದಲ್ಲಿ ಎನ್‌ಎಫ್-ಕಪ್ಪಾ ಬಿ ಎಂಬ ಪ್ರೊಟೀನು ಎಚ್ಚೆತ್ತು ಕೋಶಕೇಂದ್ರಕ್ಕೆ ಓಡಿ, ಹೋರಾಟದ ಜೀನ್‌ಗಳನ್ನು ಎಬ್ಬಿಸುತ್ತದೆ. ಇದನ್ನು 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಗುರುತಿಸಿದ್ದರು. ಆದರೆ ಕೋಶದ ಬಾಗಿಲಿಗೆ ಬಂದ ಸುದ್ದಿ ಅದರವರೆಗೆ ಹೇಗೆ ಮುಟ್ಟುತ್ತದೆ ಎಂಬ ದಾರಿಯಲ್ಲಿ ಕೆಲವು ಕೊಂಡಿಗಳು ಸಿಕ್ಕಿರಲಿಲ್ಲ.

1999ರಲ್ಲಿ ಜುನ್ ನಿನೊಮಿಯಾ-ಟ್ಸುಜಿ, ಮಟ್ಸುಮೊಟೊ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ, ಆ ಕೊಂಡಿ ಟ್ಯಾಕ್1 ಎಂದು ಬರೆದರು. ಯೀಸ್ಟ್ ತಟ್ಟೆಯಲ್ಲಿ ಸಿಕ್ಕಿದ ಅದೇ ಟ್ಯಾಕ್1! ಮರುವರ್ಷ ಟ್ಯಾಬ್2 ಎಂಬ ಇನ್ನೊಬ್ಬ ಜೊತೆಗಾರ ಸಿಕ್ಕಿತು. ಮುಂದಿನ ಸುದ್ದಿಯನ್ನು ಟ್ಯಾಕ್1ಗೆ ತಂದು ಜೋಡಿಸುವುದು ಅದರ ಕೆಲಸ.

1999ರ ಲೇಖನದಲ್ಲಿ ಟ್ಯಾಕ್1 ಎನ್‌ಐಕೆ ಎಂಬ ಮತ್ತೊಂದು ಕೈನೇಸ್ ಮೂಲಕ ಸುದ್ದಿ ದಾಟಿಸುತ್ತದೆ ಎಂದಿತ್ತು. 2001ರಲ್ಲಿ ಅಮೆರಿಕದ ಝಿಜಿಯನ್ ಚೆನ್ ಅವರ ತಂಡ, ನಡುವೆ ಆ ದಲ್ಲಾಳಿ ಬೇಕಾಗಿಲ್ಲ, ಟ್ಯಾಕ್1 ನೇರವಾಗಿಯೇ ಮುಂದಿನವನನ್ನು ಎಬ್ಬಿಸಬಲ್ಲದು ಎಂದು ತೋರಿಸಿತು. ಮುಖ್ಯ ಕೊಂಡಿ ಉಳಿಯಿತು, ನಕ್ಷೆ ತಿದ್ದಿಕೊಂಡಿತು. ವಿಜ್ಞಾನದಲ್ಲಿ ಇದು ಸೋಲಲ್ಲ, ಕೆಲಸ ನಡೆಯುವ ಕ್ರಮವೇ ಹೀಗೆ.

ಟ್ಯಾಕ್1 ಎಷ್ಟು ಮುಖ್ಯ ಎನ್ನುವುದು ಆಮೇಲೆ ಗೊತ್ತಾಯಿತು. ಅದು ಇಲ್ಲದ ಇಲಿ ಮರಿ ಹುಟ್ಟುವ ಮೊದಲೇ ಸಾಯುತ್ತದೆ. 2005ರಲ್ಲಿ ಜಪಾನಿನ ಶಿಝುವೊ ಅಕಿರಾ ಅವರ ತಂಡ, ಹುಟ್ಟಿನಿಂದ ಬರುವ ರೋಗನಿರೋಧಕ ಶಕ್ತಿಗೂ ಆಮೇಲೆ ಕಲಿತುಕೊಳ್ಳುವ ಶಕ್ತಿಗೂ ಅದು ಅಗತ್ಯ ಎಂದು ತೋರಿಸಿತು. ಆದರೆ ಇದೇ ಎಚ್ಚರಿಕೆ ಗಂಟೆ ನಿಲ್ಲದೆ ಬಡಿದುಕೊಂಡರೆ ರೋಗ. ಗಂಟುನೋವಿನಿಂದ ಬೆಳಿಗ್ಗೆ ಕೈ ಮಡಚಲಾಗದ ಉಮ್ಮಂದಿರು ನಮ್ಮ ಮನೆಗಳಲ್ಲೂ ಇದ್ದಾರಲ್ಲ? ಸಂಧಿವಾತದಲ್ಲಿ ಮೈಯ ಕಾವಲು ಪಡೆ ಮೈಯ ಮೇಲೆಯೇ ತಿರುಗಿ ಬೀಳುತ್ತದೆ. ಆದ್ದರಿಂದ ಟ್ಯಾಕ್1 ಅನ್ನು ಹತೋಟಿಗೆ ತರುವ ಪ್ರಯತ್ನ ಶುರುವಾಯಿತು. 2003ರಲ್ಲಿ ಮಟ್ಸುಮೊಟೊ ಅವರೂ ಇದ್ದ ತಂಡ, ಶಿಲೀಂಧ್ರ ಮೂಲದ ಒಂದು ರಾಸಾಯನಿಕ ಟ್ಯಾಕ್1 ಅನ್ನು ತಡೆಯುತ್ತದೆ ಎಂದು ವರದಿ ಮಾಡಿತು. ಅದನ್ನು ಪ್ರಯೋಗಾಲಯಗಳಲ್ಲಿ ಇಂದಿಗೂ ಬಳಸುತ್ತಾರೆ. ಮಾತ್ರೆಯಾಗಿ ಮೆಡಿಕಲ್ ಶಾಪಿಗೆ ಬಂದಿಲ್ಲ. ಟ್ಯಾಕ್1 ಬೇರೆ ಕಡೆಯೂ ಬೇಕಾದ್ದರಿಂದ, ಪೂರ್ತಿ ನಿಲ್ಲಿಸಿದರೆ ಒಳ್ಳೆಯ ಕೋಶಗಳೇ ಸಾಯುವ ಭಯ ಇದೆ. ಗಂಟೆ ನಿಲ್ಲಿಸಲು ಹೋಗಿ ಮನೆಯ ಕರೆಂಟೇ ತೆಗೆದ ಹಾಗೆ ಆಗಬಾರದಲ್ಲ.

ಮಟ್ಸುಮೊಟೊ ಅಲ್ಲಿಗೂ ನಿಲ್ಲಲಿಲ್ಲ. ಒಂದು ಮಿಲಿಮೀಟರ್ ಉದ್ದದ ಪುಟ್ಟ ಹುಳದಲ್ಲಿಯೂ ಇಂಥದೇ ಕೈನೇಸ್ ಸಾಲು ರೋಗಾಣುಗಳ ವಿರುದ್ಧ ಕಾವಲು ಕಾಯುತ್ತದೆ ಎಂದು ತೋರಿಸಿದ 2002ರ 'ಸೈನ್ಸ್' ಲೇಖನದಲ್ಲಿ ಅವರೂ ಒಬ್ಬ ಲೇಖಕರು. ಕಡಿದ ನರ ಮತ್ತೆ ಬೆಳೆಯುವುದು ಹೇಗೆ ಎಂದೂ ಅವರ ತಂಡ ಅದೇ ಹುಳದಲ್ಲಿ ಹುಡುಕಿತು.

ಯೀಸ್ಟ್ ನಮ್ಮ ಮನೆಗೆ ಇನ್ನೊಂದು ದಾರಿಯಿಂದಲೂ ಬಂದಿದೆ. ಮಗು ಹುಟ್ಟಿದ ಕೂಡಲೇ ಆಸ್ಪತ್ರೆಯಲ್ಲಿ ಕೊಡುವ ಹೆಪಟೈಟಿಸ್ ಬಿ ಲಸಿಕೆಯ ಪ್ರೊಟೀನು ಯೀಸ್ಟ್ ಕೋಶಗಳಲ್ಲಿ ತಯಾರಾಗುವಂಥದ್ದು. 1986ರಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ಜೀವಕೋಶ ತನ್ನನ್ನೇ ಹೇಗೆ ಶುಚಿ ಮಾಡಿಕೊಳ್ಳುತ್ತದೆ ಎಂದು ಯೀಸ್ಟ್‌ನಲ್ಲಿ ಕಂಡುಹಿಡಿದ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು.

ಮಕ್ಕಳನ್ನು ಈ ದಾರಿಗೆ ಕಳಿಸುವಾಗ ಖರ್ಚಿನ ಚಿಂತೆ ಸಹಜ. ಬಿಎಸ್ಸಿ, ಎಂಎಸ್ಸಿ ಮುಗಿಸಿ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವರಿಗೆ ಪಿಎಚ್‌ಡಿ ಮಾಡುವಾಗ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಸಿಗುತ್ತದೆ. 2023ರಿಂದ ಇರುವ ದರ ಇದು. ಬೆಂಗಳೂರಿನ ಐಐಎಸ್‌ಸಿ, ಎನ್‌ಸಿಬಿಎಸ್, ಜೆಎನ್‌ಸಿಎಎಸ್‌ಆರ್ ಎಲ್ಲವೂ ಒಂದು ರಾತ್ರಿ ಬಸ್ಸಿನ ದೂರ. ಬೇಕಾದದ್ದು ತಾಳ್ಮೆ. ಮಟ್ಸುಮೊಟೊ ಅವರ 1982ರ ಲೇಖನಕ್ಕೂ 1999ರ ಲೇಖನಕ್ಕೂ ನಡುವೆ 17 ವರ್ಷ. ಅಷ್ಟು ಕಾಲ ಕಾಯುವ ಮನಸ್ಸು ಮಕ್ಕಳಿಗೆ ಇದ್ದರೆ, ಅವರ ಹಿಂದೆ ನಿಲ್ಲುವ ಮನಸ್ಸು ಮನೆಯವರಿಗೂ ಇರಲಿ.