ಹಂದರ ಎಲ್ಲಿ ಹಾಕಬೇಕು? ಸಣ್ಣ ನೋಂದಣಿ ಮದುವೆಯ ಸ್ಥಳವಿಚಾರ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಊರುಗಳಲ್ಲಿ ಮದುವೆಯ ಸ್ಥಳವೆಂಬುದು ಮಾತುಕತೆಯ ದಿನವೇ ಹಿರಿಯರು ತೀರ್ಮಾನಿಸುವ ಸಂಗತಿಯಾಗಿದ್ದು, ಹಂದರ ಗಂಡಿನ ಮನೆಯ ಮುಂದೋ ಹೆಣ್ಣಿನ ಮನೆಯ ಮುಂದೋ, ಮಠದ ಕಲ್ಯಾಣ ಮಂಟಪದಲ್ಲೋ ಊರ ದೇವರ ಗುಡಿಯಲ್ಲೋ ಎಂಬುದು ಗೊತ್ತಾದ ಕೂಡಲೇ ಖರ್ಚು ಯಾರ ಪಾಲಿಗೆ, ಯಜಮಾನಿಕೆ ಯಾರ ಪಾಲಿಗೆ ಎಂಬುದೂ ಬಹುಮಟ್ಟಿಗೆ ಗೊತ್ತಾಗಿಬಿಡುತ್ತದೆ. ಪುರೋಹಿತರಿಲ್ಲದೆ, ಸರ್ಕಾರಿ ಅಧಿಕಾರಿಯ ಎದುರು, ಹತ್ತಾರು ಆಪ್ತರ ನಡುವೆ ನಡೆಯುವ ನೋಂದಣಿ ಮದುವೆ ಈ ಲೆಕ್ಕವನ್ನು ಬದಲಿಸುತ್ತದೆ. ಅಲ್ಲಿ ಹೆಣ್ಣಿನ ಕಡೆ, ಗಂಡಿನ ಕಡೆ ಎಂಬ ಮೇಲುಕೀಳಿಗೆ ಕಾನೂನಿನಲ್ಲಿ ಎಡೆಯಿಲ್ಲ. ವಧುವರರಿಬ್ಬರೂ ಸಮಾನ ಅರ್ಜಿದಾರರು. ಆದ್ದರಿಂದ ಇಂಥ ಮದುವೆಗೆ ಜಾಗ ಹುಡುಕುವವರು ಮೊದಲು ನೋಡಬೇಕಾದದ್ದು ಚೆಂದವನ್ನಲ್ಲ; ಕಾನೂನು ಒಪ್ಪುವುದೇ, ಎರಡೂ ಮನೆಯವರು ಸಮಾನರಾಗಿ ಬಂದು ಕೂಡಬಲ್ಲರೇ ಎಂಬ ಎರಡು ಪ್ರಶ್ನೆಗಳನ್ನು.

ಕಾನೂನು ಹೇಳುವ ಜಾಗ

ಜಾತಿ, ಧರ್ಮದ ಹಂಗಿಲ್ಲದೆ ಇಬ್ಬರು ವಯಸ್ಕರು ಮದುವೆಯಾಗಲು ದಾರಿ ಮಾಡಿಕೊಡುವ ವಿಶೇಷ ವಿವಾಹ ಕಾಯ್ದೆ 1954ರಲ್ಲಿ ಅಂಗೀಕಾರಗೊಂಡು 1955ರ ಜನವರಿ 1ರಿಂದ ಜಾರಿಗೆ ಬಂದಿತು. ಇದಕ್ಕೂ ಮೊದಲಿದ್ದ 1872ರ ಕಾಯ್ದೆಯ ಮೂಲ ರೂಪದಲ್ಲಿ, ಮದುವೆಯಾಗುವವರು ತಾವು ಪ್ರಚಲಿತ ಧರ್ಮಗಳಲ್ಲಿ ಯಾವುದಕ್ಕೂ ಸೇರಿದವರಲ್ಲವೆಂದು ಘೋಷಿಸಬೇಕಿತ್ತು. 1954ರ ಕಾಯ್ದೆಯಲ್ಲಿ ಆ ಒತ್ತಾಯವಿಲ್ಲ. ಕಾಯ್ದೆಯ ಪ್ರಕಾರ ಮದುವೆ ನಡೆಸಿಕೊಡುವವರು ‘ವಿವಾಹಾಧಿಕಾರಿ’. ಕರ್ನಾಟಕದಲ್ಲಿ ಈ ಹೊಣೆ ಜನ ರೂಢಿಯಲ್ಲಿ ಸಬ್ ರಿಜಿಸ್ಟ್ರಾರ್ ಎಂದು ಕರೆಯುವ ಉಪನೋಂದಣಾಧಿಕಾರಿಗಳದ್ದು. ಉದಾಹರಣೆಗೆ, ಹುನ್ನೂರೆಂಬ ಊರಿನ ನಿವಾಸಿಗಳು ಇದಕ್ಕಾಗಿ ತಾಲ್ಲೂಕು ಕೇಂದ್ರವಾದ ಜಮಖಂಡಿಯ ಕಚೇರಿಯ ಮೆಟ್ಟಿಲು ಹತ್ತಬೇಕು.

ಮದುವೆಯ ಸ್ಥಳದ ಬಗ್ಗೆ ಕಾಯ್ದೆಯ 12ನೇ ಕಲಮು ನೇರವಾಗಿ ಮಾತನಾಡುತ್ತದೆ. ಮದುವೆಯನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಮಾಡಿಕೊಳ್ಳಬಹುದು, ಇಲ್ಲವೇ ಕಚೇರಿಯಿಂದ ಸಮಂಜಸ ದೂರದೊಳಗೆ ವಧುವರರು ಬಯಸುವ ಬೇರೆ ಜಾಗದಲ್ಲಿ, ನಿಗದಿಯಾದ ಹೆಚ್ಚುವರಿ ಶುಲ್ಕ ಕಟ್ಟಿ, ಷರತ್ತುಗಳಿಗೆ ಒಳಪಟ್ಟು ಮಾಡಿಕೊಳ್ಳಬಹುದು. ಸಮಂಜಸ ದೂರ ಎಂದರೆ ಎಷ್ಟು ಕಿಲೋಮೀಟರು ಎಂಬುದನ್ನು ಕಾಯ್ದೆ ಹೇಳದಿರುವುದರಿಂದ, ಅಧಿಕಾರಿಯ ಕಾರ್ಯವ್ಯಾಪ್ತಿ ಮತ್ತು ಕಚೇರಿಯ ಕೆಲಸದ ಒತ್ತಡ ಎರಡೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಜಮಖಂಡಿಗೆ ಸಮೀಪದ ಹುನ್ನೂರಿನ ಮನೆಯಂಗಳಕ್ಕೆ ಅಧಿಕಾರಿಯನ್ನು ಕರೆಯಲು ಅರ್ಜಿ ಹಾಕುವುದು ಕಾನೂನಿನ ಚೌಕಟ್ಟಿನೊಳಗಿನ ಮಾತೇ ಆದರೂ, ಅಧಿಕಾರಿ ಬರುತ್ತಾರೆಂಬುದು ಖಚಿತವಾಗುವ ಮೊದಲು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವುದು ಜಾಣತನವಲ್ಲ.

ಮದುವೆಯ ವಿಧಿ ಯಾವ ರೂಪದಲ್ಲಿದ್ದರೂ ಅಡ್ಡಿಯಿಲ್ಲ. ಹಾರ ಬದಲಿಸಬಹುದು, ತಾಳಿ ಕಟ್ಟಬಹುದು, ವಚನ ಹಾಡಿಸಬಹುದು, ಏನೂ ಮಾಡದೆಯೂ ಇರಬಹುದು. ಆದರೆ ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರಿನಲ್ಲಿ, ಇಬ್ಬರಿಗೂ ತಿಳಿಯುವ ಭಾಷೆಯಲ್ಲಿ, ಒಬ್ಬರನ್ನೊಬ್ಬರು ಕಾನೂನುಬದ್ಧ ಪತಿಪತ್ನಿಯಾಗಿ ಸ್ವೀಕರಿಸುತ್ತಿರುವುದಾಗಿ ಬಾಯಿಬಿಟ್ಟು ಹೇಳದ ಹೊರತು ಆ ಮದುವೆ ಪೂರ್ಣವಾಗುವುದಿಲ್ಲ. ಬಳಿಕ ಪ್ರಮಾಣಪತ್ರ ಪುಸ್ತಕದಲ್ಲಿ ವಧುವರರೂ ಆ ಮೂವರೂ ಸಹಿ ಹಾಕುತ್ತಾರೆ. ಇಡೀ ವಿಧಿಯ ತಿರುಳು ಇಷ್ಟೇ ಆಗಿರುವುದರಿಂದ, ಅದಕ್ಕೆ ಬೇಕಾದ ಜಾಗವೂ ಸಣ್ಣದೇ: ದಪ್ಪ ಪುಸ್ತಕವನ್ನು ಬಿಚ್ಚಿಡಲು ಒಂದು ಮೇಜು, ಸಹಿ ಮಾಡುವವರಿಗೆ ಕುರ್ಚಿ, ಹೇಳಿದ ಮಾತು ಹಿಂದೆ ನಿಂತ ಅಜ್ಜಿಗೂ ಕೇಳಿಸುವಷ್ಟು ಸದ್ದಿಲ್ಲದ ವಾತಾವರಣ. ಬ್ಯಾಂಡು, ಡಿಜೆಗಳ ಅಬ್ಬರವಿರುವ ಮಂಟಪದಲ್ಲಿ ಈ ಒಂದು ಮಾತೇ ಕಳೆದುಹೋಗುವ ಸಂಭವವಿದೆ.

ಮೊದಲು ದಿನ, ಆಮೇಲೆ ಜಾಗ

ಸಾಂಪ್ರದಾಯಿಕ ಮದುವೆಯಲ್ಲಿ ಮುಹೂರ್ತ ನೋಡಿ ಮಂಟಪ ಹಿಡಿಯುವುದು ವಾಡಿಕೆಯಾದರೆ, ವಿಶೇಷ ವಿವಾಹ ಕಾಯ್ದೆಯ ಮದುವೆಯಲ್ಲಿ ದಿನವನ್ನು ಕಟ್ಟಿಹಾಕುವುದು ನೋಟಿಸಿನ ಅವಧಿ. ವಧುವರರಲ್ಲಿ ಒಬ್ಬರಾದರೂ ನೋಟಿಸು ಕೊಡುವುದಕ್ಕೆ ಹಿಂದಿನ ಕನಿಷ್ಠ 30 ದಿನ ಆ ಅಧಿಕಾರಿಯ ವ್ಯಾಪ್ತಿಯಲ್ಲಿ ವಾಸವಾಗಿರಬೇಕು. ನೋಟಿಸನ್ನು ಕಚೇರಿಯಲ್ಲಿ ಎದ್ದು ಕಾಣುವಂತೆ ಅಂಟಿಸಿದ ಮೇಲೆ ಆಕ್ಷೇಪಣೆಗೆ 30 ದಿನಗಳ ಕಾಲಾವಕಾಶವಿರುತ್ತದೆ. ನೋಟಿಸು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಅದು ಬಿದ್ದುಹೋಗಿ ಹೊಸದಾಗಿ ನೋಟಿಸು ಕೊಡಬೇಕಾಗುತ್ತದೆ. ಆಕ್ಷೇಪಣೆ ಬಾರದಿದ್ದರೆ ಉಳಿಯುವುದು ಹೆಚ್ಚುಕಡಿಮೆ ಎರಡು ತಿಂಗಳ ಅವಧಿ. ಮಂಟಪಕ್ಕೋ ಅಡುಗೆಯವರಿಗೋ ಮುಂಗಡ ಕೊಡುವುದಿದ್ದರೆ ಈ ಅವಧಿಯ ನಡುಭಾಗದ ದಿನವೊಂದನ್ನು ನೋಡಿ ಕೊಡುವುದು ಕ್ಷೇಮ.

ಆಕ್ಷೇಪಣೆಗೆ ಕಾಯ್ದೆ ಒಪ್ಪುವ ಕಾರಣಗಳು ಕೆಲವೇ: ಹಿಂದಿನ ಮದುವೆ ಇನ್ನೂ ಊರ್ಜಿತದಲ್ಲಿರುವುದು, ವಧುವಿಗೆ 18, ವರನಿಗೆ 21 ತುಂಬದಿರುವುದು, ಸಮ್ಮತಿ ಕೊಡುವ ಮಾನಸಿಕ ಸಾಮರ್ಥ್ಯವಿಲ್ಲದಿರುವುದು, ನಿಷಿದ್ಧ ಸಂಬಂಧವಿರುವುದು ಮುಂತಾದವು. ತಂದೆತಾಯಿಗೆ ಇಷ್ಟವಿಲ್ಲ, ಜಾತಿ ಬೇರೆ ಎಂಬುದು ಕಾರಣವಾಗದು. ಆದರೆ ಉತ್ತರ ಕರ್ನಾಟಕದ ಮನೆಗಳು ಗಮನಿಸಬೇಕಾದ ಒಂದು ತೊಡಕು ಇಲ್ಲಿದೆ. ಅಕ್ಕನ ಮಗಳು, ಸೋದರಮಾವನ ಮಗಳು, ಸೋದರತ್ತೆಯ ಮಗಳು ಈ ಕಾಯ್ದೆಯ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿದ್ದಾರೆ. ರೂಢಿಯ ಆಧಾರದ ಮೇಲೆ ವಿನಾಯಿತಿ ಬೇಕಾದರೆ ಆ ರೂಢಿಯನ್ನು ರಾಜ್ಯ ಸರ್ಕಾರ ರಾಜ್ಯಪತ್ರದಲ್ಲಿ ಪ್ರಕಟಿಸಿರಬೇಕು. ಸಂಬಂಧದೊಳಗೇ ಮದುವೆಯಾಗುವವರು ಜಾಗ ಗೊತ್ತುಮಾಡುವ ಮೊದಲೇ ಈ ವಿಷಯವನ್ನು ಕಚೇರಿಯಲ್ಲಿ ಬಗೆಹರಿಸಿಕೊಳ್ಳುವುದು ಒಳ್ಳೆಯದು.

ದಿನದ ಆಯ್ಕೆಯಲ್ಲಿ ಊರಿನ ಪಂಚಾಂಗಕ್ಕೂ ಕಚೇರಿಯ ಕ್ಯಾಲೆಂಡರಿಗೂ ಹೊಂದಾಣಿಕೆಯಿರುವುದಿಲ್ಲ. ಈ ಭಾಗದಲ್ಲಿ ಮದುವೆಗಳ ಸುಗ್ಗಿಯಾದ ಬಸವ ಜಯಂತಿಯಂದು, ಅಂದರೆ ಅಕ್ಷಯ ತದಿಗೆಯಂದು, ಸರ್ಕಾರಿ ರಜೆ; ಎರಡನೇ ಮತ್ತು ನಾಲ್ಕನೇ ಶನಿವಾರಗಳಲ್ಲೂ ಸಾಮಾನ್ಯವಾಗಿ ಕಚೇರಿ ಮುಚ್ಚಿರುತ್ತದೆ. ಬದಲಾಗಿ ಮುಹೂರ್ತದ ಹಂಗಿಲ್ಲದವರಿಗೆ ಒಂದು ಅನುಕೂಲವಿದೆ: ಮದುವೆಗಳಿಲ್ಲದ ಆಷಾಢದಲ್ಲೋ ಧನುರ್ಮಾಸದಲ್ಲೋ ವಾರದ ನಡುವಿನ ದಿನ ಕೇಳಿದರೆ ಜಾಗ ಸುಲಭವಾಗಿ ಸಿಗುತ್ತದೆ, ಬಾಡಿಗೆಯಲ್ಲಿ ಚೌಕಾಸಿಗೂ ಅವಕಾಶವಿರುತ್ತದೆ.

ಕಚೇರಿ, ಭವನ, ತೋಟ

ಆಯ್ಕೆಗಳಲ್ಲಿ ಮೊದಲನೆಯದು ಕಚೇರಿಯೇ. ಅಲ್ಲಿ ನಿಗದಿತ ಶುಲ್ಕದ ಹೊರತು ಖರ್ಚಿಲ್ಲ, ಅಧಿಕಾರಿ ಬರುವರೋ ಇಲ್ಲವೋ ಎಂಬ ಆತಂಕವಿಲ್ಲ. ಆದರೆ ಹೊಲದ ಖರೀದಿಪತ್ರಕ್ಕೆ, ಸಾಲದ ಅಡಮಾನಕ್ಕೆ ಬಂದವರ ನಡುವೆಯೇ ಸರದಿ ಕಾಯಬೇಕಾಗುತ್ತದೆ, ಹೆಚ್ಚು ಜನರಿಗೆ ಕೂರಲು ಜಾಗವಿರುವುದಿಲ್ಲ. ಕಚೇರಿಯನ್ನು ಆರಿಸಿಕೊಳ್ಳುವವರು ವಧುವರರು, ಮೂವರು ಸಾಕ್ಷಿಗಳು, ಹೆತ್ತವರು ಇಷ್ಟಕ್ಕೆ ಸೀಮಿತರಾಗಿ, ಉಳಿದವರನ್ನು ಅದೇ ಮಧ್ಯಾಹ್ನ ಬೇರೆಡೆ ಊಟಕ್ಕೆ ಕೂಡಿಸುವುದು ಎಲ್ಲ ದೃಷ್ಟಿಯಿಂದಲೂ ಹಗುರವಾದ ವ್ಯವಸ್ಥೆ. ಸಾಕ್ಷಿಗಳು ಗುರುತಿನ ಚೀಟಿ ಮರೆತು ಬಂದರೆ ಇಡೀ ದಿನ ಕೆಡುತ್ತದೆಯಾದ್ದರಿಂದ, ಕರೆಯುವ ನೆಂಟರನ್ನು ಆರಿಸುವುದಕ್ಕಿಂತ ಹೆಚ್ಚಿನ ಎಚ್ಚರದಿಂದ ಸಾಕ್ಷಿಗಳನ್ನು ಆರಿಸಬೇಕು.

ಎರಡನೆಯದು ಮಂಗಲ ಕಾರ್ಯಾಲಯ ಮತ್ತು ಸಮುದಾಯ ಭವನ. ಸಾವಿರಾರು ಜನರಿಗಾಗಿ ಕಟ್ಟಿದ ಮಂಗಲ ಕಾರ್ಯಾಲಯದಲ್ಲಿ ಐವತ್ತು ಜನ ಕೂತರೆ ಭಣಗುಟ್ಟುತ್ತದೆ. ಅಡುಗೆಮನೆಯಷ್ಟನ್ನೇ, ಊಟದ ಹಾಲಷ್ಟನ್ನೇ ಬಾಡಿಗೆಗೆ ಕೊಡುವರೇ ಎಂದು ಕೇಳುವುದು ಮೇಲು. ಸಮುದಾಯ ಭವನಗಳಲ್ಲಿ ಹಲವು ಒಂದೊಂದು ಜಾತಿಯ ಹೆಸರು ಹೊತ್ತಿರುವುದರಿಂದ, ಅಂತರ್ಜಾತಿ ಮದುವೆಯಲ್ಲಿ ಒಂದು ಕಡೆಯವರು ಅಲ್ಲಿ ಅತಿಥಿಗಳಂತೆ ಮುದುಡಿ ಕೂರಬೇಕಾದೀತು. ಬಾಡಿಗೆ ಮಾತಾಡುವಾಗ ಭವನದವರು ವಯಸ್ಸಿನ ದಾಖಲೆ ಕೇಳಿದರೆ ಅದನ್ನು ಕಿರಿಕಿರಿಯೆಂದು ತಿಳಿಯಬಾರದು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಅಂಥ ಮದುವೆ ನಡೆಸುವವರನ್ನೂ ಅದಕ್ಕೆ ಕುಮ್ಮಕ್ಕು ಕೊಡುವವರನ್ನೂ ಎರಡು ವರ್ಷಗಳವರೆಗಿನ ಕಠಿಣ ಸಜೆಗೂ ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೂ ಗುರಿಪಡಿಸುತ್ತದೆ.

ಮೂರನೆಯದು ತೋಟದ ಮನೆಯ ಅಂಗಳ. ಹೊಲದಲ್ಲೇ ಮನೆ ಮಾಡಿಕೊಂಡಿರುವ ಕುಟುಂಬಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಬೇಕಾದಷ್ಟಿದ್ದು, ಬೇವಿನ ಮರದ ನೆರಳಲ್ಲಿ ಜಮಖಾನೆ ಹಾಸಿ, ಮಾದ್ಲಿ, ಎಣಗಾಯಿ, ಬಿಸಿ ರೊಟ್ಟಿಯ ಪಂಕ್ತಿ ಹಾಕಿದರೆ ಸಣ್ಣ ಮದುವೆಗೆ ಅದಕ್ಕಿಂತ ಒಪ್ಪುವ ಜಾಗ ಸಿಗುವುದು ಕಷ್ಟ. ಆದರೆ ಋತುವನ್ನು ಮರೆಯುವಂತಿಲ್ಲ. ಸಿದ್ದಾಪುರ, ಹಿರೇಪಡಸಲಗಿ, ಮುಧೋಳ, ಸಮೀರವಾಡಿಗಳ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ಹಿಡಿದು ನಿಲ್ಲುವುದರಿಂದ, ಹತ್ತು ನಿಮಿಷದ ದಾರಿಗೆ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಬೆಳಗಿನ ಹತ್ತರೊಳಗೇ ವಿಧಿ ಮುಗಿಯಬೇಕು. ಕೃಷ್ಣೆಯ ದಂಡೆಯ ತೋಟಗಳನ್ನು ಜುಲೈನಿಂದ ಸೆಪ್ಟೆಂಬರ್‌ವರೆಗೆ ನಂಬುವಂತಿಲ್ಲ. 2019ರ ಆಗಸ್ಟಿನ ಪ್ರವಾಹದಲ್ಲಿ ಜಮಖಂಡಿ ತಾಲ್ಲೂಕಿನ ನದಿತೀರದ ಹಳ್ಳಿಗಳಿಗೆ ನೀರು ನುಗ್ಗಿತ್ತು.

ತೋಟದ ಮದುವೆಗೆ ಕನ್ನಡ ನಾಡಿನಲ್ಲಿ ಗೌರವದ ಪೂರ್ವನಿದರ್ಶನವೂ ಇದೆ. ಕುವೆಂಪು ಅವರು ಪುರೋಹಿತಶಾಹಿ, ವರದಕ್ಷಿಣೆ, ಆಡಂಬರಗಳಿಲ್ಲದ ಸರಳ ವಿವಾಹಕ್ಕಾಗಿ ರೂಪಿಸಿದ ‘ಮಂತ್ರ ಮಾಂಗಲ್ಯ’ದ ಕ್ರಮದಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ 1966ರಲ್ಲಿ ಮೂಡಿಗೆರೆ ಕಡೆಯ ಚಿತ್ರಕೂಟ ತೋಟದಲ್ಲಿ ನಡೆಯಿತು. ಶರಣ ಪರಂಪರೆಯ ಪ್ರಭಾವ ದಟ್ಟವಾಗಿರುವ ಬಾಗಲಕೋಟೆ ಜಿಲ್ಲೆಯಲ್ಲಿ, ವಚನಗಳನ್ನು ಹೇಳಿ ಪ್ರತಿಜ್ಞೆ ಮಾಡಿಸುವ ‘ವಚನ ಮಾಂಗಲ್ಯ’ ಇದೇ ಜಾಯಮಾನದ್ದು. ಇಂಥ ಮದುವೆಗಳಿಗೆ ಕಾನೂನಿನ ಬಲ ತಾನಾಗಿ ಬರುತ್ತದೆಂದು ತಿಳಿಯಬಾರದು. ಲಿಂಗಾಯತರನ್ನೂ ಒಳಗೊಳ್ಳುವ 1955ರ ಹಿಂದೂ ವಿವಾಹ ಕಾಯ್ದೆಯಡಿ ರೂಢಿಯ ವಿಧಿಗಳು ನಡೆದಿರಬೇಕು. ವಿಧಿಯೇ ನಡೆಯದೆ ಬರೀ ನೋಂದಣಿಯಿಂದ ಹಿಂದೂ ವಿವಾಹ ಸಿಂಧುವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ. ವಿಧಿಯೇ ಬೇಡವೆನ್ನುವವರಿಗೆ ವಿಶೇಷ ವಿವಾಹ ಕಾಯ್ದೆಯೇ ಗಟ್ಟಿ ಆಧಾರ. ಅದನ್ನು ಪೂರೈಸಿದ ಮೇಲೆ ಮಂತ್ರ ಮಾಂಗಲ್ಯವನ್ನು ಯಾವ ಅಂಗಳದಲ್ಲಾದರೂ ನಡೆಸಬಹುದು.

ದೂರದ ಆಸೆಗಳು

ಕೃಷ್ಣಾ ಮಲಪ್ರಭಾ ಸಂಗಮದ ಕೂಡಲಸಂಗಮದಲ್ಲಿ, ಐಹೊಳೆ ಪಟ್ಟದಕಲ್ಲುಗಳ ಶಿಲ್ಪಗಳ ಎದುರಿನಲ್ಲಿ ಮದುವೆಯಾಗಬೇಕೆಂಬ ಆಸೆ ಸಹಜವಾದುದೇ. ಆದರೆ ಹುನಗುಂದ ತಾಲ್ಲೂಕಿನ ಕೂಡಲಸಂಗಮ ಜಮಖಂಡಿಯ ಅಧಿಕಾರಿಯ ವ್ಯಾಪ್ತಿಯಾಚೆಗಿನದು. ನೋಟಿಸು ಕೊಟ್ಟ ಅಧಿಕಾರಿಯ ಎದುರೇ ಮದುವೆಯಾಗಿ, ನಂತರ ಸಂಗಮನಾಥನ ದರ್ಶನಕ್ಕೆ ಹೋಗುವುದೇ ಸರಳ ದಾರಿ. ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳಲ್ಲಂತೂ ಕೇಂದ್ರದ 1959ರ ನಿಯಮಗಳ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಸಭೆ, ಸತ್ಕಾರಕೂಟ ನಡೆಸುವಂತಿಲ್ಲ.

ನಿರ್ಭಯವಾಗಿ ಕೂಡುವ ಜಾಗ

ಕಲ್ಯಾಣದಲ್ಲಿ ಹನ್ನೆರಡನೇ ಶತಮಾನದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆ ತಂದ ವಿಪತ್ತನ್ನು ಬಲ್ಲ ನಾಡಿನಲ್ಲಿ, ಜಾತಿ ಮೀರಿದ ಮದುವೆಯ ಸ್ಥಳ ಇಂದಿಗೂ ಬರೀ ಅನುಕೂಲದ ಪ್ರಶ್ನೆಯಲ್ಲ. ನೋಟಿಸು ಗೋಡೆಗೆ ಬೀಳುವುದರಿಂದ ಸುದ್ದಿ ಊರಿಗೆ ಮುಟ್ಟುತ್ತದೆ. ವಧುವರರಲ್ಲಿ ಒಬ್ಬರ ಕಾಯಂ ವಾಸ ಬೇರೆ ವ್ಯಾಪ್ತಿಯಲ್ಲಿದ್ದರೆ ಅಲ್ಲಿನ ಕಚೇರಿಯಲ್ಲೂ ಅದರ ಪ್ರತಿ ಅಂಟಿಸಲಾಗುತ್ತದೆ. ಇಷ್ಟಪಟ್ಟು ಮದುವೆಯಾಗುವ ವಯಸ್ಕರ ಮೇಲೆ ಪಂಚಾಯಿತಿ ಕಟ್ಟೆಗೆ ಯಾವ ಅಧಿಕಾರವೂ ಇಲ್ಲವೆಂದು 2018ರ ಮಾರ್ಚ್ 27ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಬೆದರಿಕೆಗೆ ಒಳಗಾದ ಜೋಡಿಗಳಿಗೆ ಪೊಲೀಸ್ ರಕ್ಷಣೆ ಮತ್ತು ಸುರಕ್ಷಿತ ವಸತಿ ಒದಗಿಸಬೇಕೆಂದು ನಿರ್ದೇಶಿಸಿದೆ. ಅಂಥ ಆತಂಕವಿರುವವರಿಗೆ ತೋಟದ ಚೆಲುವಿಗಿಂತ ಕಚೇರಿಯ ನಾಲ್ಕು ಗೋಡೆಗಳೇ ಮೇಲು. ಪೊಲೀಸರಿಗೆ ಮೊದಲೇ ಅರ್ಜಿ ಕೊಟ್ಟು, ಊಟದ ಕೂಟವನ್ನು ಕೆಲ ದಿನ ಮುಂದಕ್ಕೆ ಹಾಕುವುದರಲ್ಲಿ ಅವಮಾನವೇನಿಲ್ಲ.

ಹೀಗೆ ನೋಡಿದರೆ ಸಣ್ಣ ನೋಂದಣಿ ಮದುವೆಗೆ ಒಳ್ಳೆಯ ಜಾಗವನ್ನು ಗುರುತಿಸುವ ಅಳತೆಗೋಲು ಸರಳವಾಗಿದೆ. ಅದು ಅಧಿಕಾರಿ ಬರಬಲ್ಲ ಅಥವಾ ಅಧಿಕಾರಿಯಿರುವ ಜಾಗವಾಗಿರಬೇಕು, ಆಡಿದ ಮಾತು ಎಲ್ಲರಿಗೂ ಕೇಳಿಸಬೇಕು, ಮುದುಕರು ಮೆಟ್ಟಿಲೇರುವ ಕಷ್ಟವಿಲ್ಲದೆ ಬಂದುಹೋಗಬೇಕು, ಎರಡೂ ಬೀಗರು ಒಂದೇ ಪಂಕ್ತಿಯಲ್ಲಿ ಸರಿಸಮನಾಗಿ ಉಣ್ಣಬೇಕು. ಮದುವೆ ಗೊತ್ತಾದ ಮನೆಯವರು ಮಂಗಲ ಕಾರ್ಯಾಲಯದ ಮುಂಗಡ ಚೀಟಿ ಹರಿಸುವ ಮೊದಲು ಒಮ್ಮೆ ತಾಲ್ಲೂಕಿನ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ, ವ್ಯಾಪ್ತಿ, ದಾಖಲೆ, ಶುಲ್ಕ, ಹೊರಗಿನ ಜಾಗಕ್ಕೆ ಬರುವ ಸಾಧ್ಯತೆ ಈ ನಾಲ್ಕನ್ನು ಕೇಳಿಕೊಂಡು ಬರಲಿ. ಜಾಗದ ಮಾತು ಅಲ್ಲಿಂದ ಶುರುವಾದರೆ ಹಣವೂ ಉಳಿಯುತ್ತದೆ, ಮದುವೆಯೂ ಗಟ್ಟಿಯಾಗುತ್ತದೆ.