ಕಿವಿಯ ಮೇಲೊಂದು ಸಂಗೀತ ಕಛೇರಿ

ಸಂಗೀತ ಕೇಳುವ ಸಾಧನಗಳಲ್ಲಿ ಹೆಡ್‌ಫೋನಿನಷ್ಟು ಸ್ವಾರ್ಥಿಯಾದುದು ಇನ್ನೊಂದಿಲ್ಲ. ರೇಡಿಯೊ ಮನೆಮಂದಿಗೆಲ್ಲ ಹಾಡುತ್ತದೆ. ಹೆಡ್‌ಫೋನು ಹಾಡುವುದು ಒಬ್ಬರಿಗೆ ಮಾತ್ರ. ಆದರೆ ಒಂದೇ ಹಜಾರದಲ್ಲಿ ಮಗನ ಪರೀಕ್ಷೆಯ ಓದು, ಅಜ್ಜಿಯ ನಿದ್ರೆ, ತಂದೆಯ ಸಂಗೀತ ಮೂರೂ ಒಟ್ಟಿಗೆ ಸಾಗಬೇಕಾದ ಇಂದಿನ ಮನೆಗಳಲ್ಲಿ ಈ ಸ್ವಾರ್ಥವೇ ಒಂದು ಬಗೆಯ ಸೌಜನ್ಯವಾಗಿ ಪರಿಣಮಿಸಿದೆ. ಹೀಗಾಗಿ ಹಲವು ಹತ್ತು ಸಾವಿರ ರೂಪಾಯಿ ತೆತ್ತು ಉತ್ತಮ ದರ್ಜೆಯ ಹೆಡ್‌ಫೋನನ್ನು ಮನೆಗೆ ತರುವವರು ಈಗ ದೊಡ್ಡ ನಗರಗಳಲ್ಲಿ ಮಾತ್ರವಲ್ಲ, ತಾಲ್ಲೂಕು ಕೇಂದ್ರಗಳಲ್ಲಿಯೂ ಉಂಟು. ತಂದ ಮೇಲೆ ಅದನ್ನು ಉಳಿಸಿಕೊಳ್ಳುವ ಬಗೆ ಎಲ್ಲರಿಗೂ ತಿಳಿದಿರುವುದಿಲ್ಲ. ಅದರ ಜೊತೆಗೆ ಕಿವಿಯನ್ನೂ ಉಳಿಸಿಕೊಳ್ಳಬೇಕೆಂಬುದು ಇನ್ನೂ ಕಡಮೆ ಮಂದಿಗೆ ತಿಳಿದಿದೆ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಶಾಲಾ ಆಡಳಿತದ ಲೆಕ್ಕದಲ್ಲಿ ಒಂದೇ ಶೈಕ್ಷಣಿಕ ಜಿಲ್ಲೆ. ಬಂಡೆಗಲ್ಲಿನ ಬೆಟ್ಟಗಳು, ಕೆಂಪು ಮಣ್ಣು, ಸಾಲದ ಮಳೆ, ಬೇಸಗೆಯ ಉರಿ ಇವು ನಾಲ್ಕಕ್ಕೂ ಹೆಚ್ಚು ಕಡಮೆ ಸಮಾನ. ಜರ್ಮನಿಯ ಅಥವಾ ಜಪಾನಿನ ತಂಪು ಹವೆಯಲ್ಲಿ ರೂಪುಗೊಂಡ ಸೂಕ್ಷ್ಮಯಂತ್ರವೊಂದು ಇಲ್ಲಿಗೆ ಬಂದು ಬಾಳುವೆ ಮಾಡುವುದೆಂದರೆ ದೂರದೇಶದ ಸೊಸೆ ಬಂದಂತೆಯೇ ಸರಿ. ಮನೆಯವರು ಅದರ ಗುಣವನ್ನು ಸ್ವಲ್ಪ ಅರಿತುಕೊಳ್ಳಬೇಕು.

ಈ ಯಂತ್ರದ ಹುಟ್ಟಿನ ಕಥೆ ಸ್ವಾರಸ್ಯವಾದುದು. ಅಮೆರಿಕದ ಯೂಟಾ ಪ್ರಾಂತದ ನಥಾನಿಯೆಲ್ ಬಾಲ್ಡ್‌ವಿನ್ ಎಂಬಾತನು ತನ್ನ ಮನೆಯ ಅಡಿಗೆಮನೆಯಲ್ಲಿ ಕುಳಿತು ಮಾಡಿದ ಜೋಡಿ ಶ್ರವಣಯಂತ್ರವನ್ನು 1910ರಲ್ಲಿ ಆ ದೇಶದ ನೌಕಾಪಡೆಗೆ ಕಳುಹಿಸಿದನು. ಸಂಗೀತಕ್ಕಲ್ಲ, ನಿಸ್ತಂತು ಸಂದೇಶ ಕೇಳುವುದಕ್ಕೆ. 1937ರಲ್ಲಿ ಬರ್ಲಿನ್ನಿನ ಬೇಯರ್ ಸಂಸ್ಥೆ ಡಿ.ಟಿ. 48 ಎಂಬುದನ್ನು ಹೊರತಂದಿತು. ಸಂಗೀತವನ್ನು ಎರಡು ಕಿವಿಗೂ ಹಂಚಿ ಕೇಳುವ ಸ್ಟೀರಿಯೊ ಹೆಡ್‌ಫೋನು ಬಂದುದು 1958ರಲ್ಲಿ, ಜಾನ್ ಕಾಸ್ ಎಂಬಾತನಿಂದ. ಹತ್ತು ವರ್ಷಗಳ ತರುವಾಯ, 1968ರಲ್ಲಿ, ಸೆನ್‌ಹೈಸರ್ ಸಂಸ್ಥೆ ಹಿಂಬದಿ ತೆರೆದ ಎಚ್.ಡಿ. 414 ಅನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಂದ ಮುಂದೆ ಹೆಡ್‌ಫೋನುಗಳ ಕುಲವೇ ಎರಡಾಗಿ ಒಡೆಯಿತು.

ಕಿವಿಯ ಮೇಲೆ ಕೂರುವ ಬಟ್ಟಲಿನ ಹಿಂಬದಿ ಮುಚ್ಚಿದ್ದರೆ ಹೊರಗಿನ ಸದ್ದು ಒಳಗೆ ಬಾರದು, ಒಳಗಿನ ಹಾಡು ಹೊರಗೆ ಹೋಗದು. ಹಿಂಬದಿ ಜಾಲರಿಯಂತೆ ತೆರೆದಿದ್ದರೆ ಹಾಡು ತಲೆಯೊಳಗೆ ಇಕ್ಕಟ್ಟಿನಿಂದ ನುಡಿಯದೆ, ಎದುರಿನ ಅಂಗಳದಲ್ಲಿ ನಡೆಯುತ್ತಿರುವಂತೆ ಹರಡಿಕೊಳ್ಳುತ್ತದೆ. ಆದರೆ ಅಂಗಳದ ನಾಯಿಯ ಬೊಗಳಿಕೆಯೂ ಅದರ ಜೊತೆಗೇ ಬರುತ್ತದೆ! ಹೀಗಾಗಿ ತೆರೆದ ಬಗೆಯದು ನಿಶ್ಶಬ್ದವಾದ ಮನೆಯನ್ನು ಬೇಡುತ್ತದೆ. ಬೆಂಗಳೂರಿನ ಮುಖ್ಯರಸ್ತೆಯ ಪಕ್ಕದ ಮನೆಯಲ್ಲಿ ಎಷ್ಟು ಹಣ ಸುರಿದರೂ ದೊರೆಯದ ಈ ನಿಶ್ಶಬ್ದ, ರಾತ್ರಿ ಹತ್ತು ಹೊಡೆದ ಮೇಲೆ ಕೊರಟಗೆರೆಯ ಅಥವಾ ಮಧುಗಿರಿಯ ಒಳಬೀದಿಗಳಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಶಿರಾದಲ್ಲಿ ಪುಣೆಯ ಹೆದ್ದಾರಿಗೆ ಹತ್ತಿರವಾಗಿ ಮನೆ ಮಾಡಿದವರ ಮಾತು ಬೇರೆ. ಇರುಳೆಲ್ಲ ಸಾಗುವ ಲಾರಿಗಳ ಗುಡುಗಿನ ನಡುವೆ ಅವರಿಗೆ ಮುಚ್ಚಿದ ಬಗೆಯದೇ ಲೇಸು.

ಒಳಗಿನ ಯಂತ್ರದಲ್ಲಿಯೂ ಮೂರು ಜಾತಿಗಳಿವೆ. ಬಹುಪಾಲು ಹೆಡ್‌ಫೋನುಗಳಲ್ಲಿ ಪುಟ್ಟ ತಂತಿಸುರುಳಿ ಅಂಟಿಸಿದ ಪೊರೆಯೊಂದು ಅಯಸ್ಕಾಂತದ ನಡುವೆ ಮಿಡಿಯುತ್ತದೆ. 1997ರಲ್ಲಿ ಬಂದ ಸೆನ್‌ಹೈಸರ್ ಎಚ್.ಡಿ. 600 ಈ ಜಾತಿಯದು. ಎರಡನೆಯದಾದ ಪ್ಲೇನಾರ್ ಜಾತಿಯಲ್ಲಿ ಪೊರೆಯ ಮೈತುಂಬ ಲೋಹದ ಗೆರೆಗಳು ಹರಿದಿದ್ದು ಇಡೀ ಪೊರೆ ಒಟ್ಟಿಗೆ ಅಲುಗುತ್ತದೆ. ಮಂದ್ರಸ್ವರಗಳು ಇದರಲ್ಲಿ ಬಿಗಿಯಾಗಿ ಬರುವುದುಂಟು. ಆದರೆ ಅಯಸ್ಕಾಂತಗಳ ಭಾರ ಹೊರುವುದು ಕೊರಳು. ಎಚ್.ಡಿ. 600ರ ತೂಕ ಸುಮಾರು 260 ಗ್ರಾಮಾದರೆ, ಹೆಸರಾಂತ ಪ್ಲೇನಾರುಗಳಲ್ಲಿ ಅರ್ಧ ಕಿಲೋ ತೂಗುವವೂ ಇವೆ. ಮೂರನೆಯದು ಎಲೆಕ್ಟ್ರೋಸ್ಟ್ಯಾಟಿಕ್. ಕೂದಲೆಳೆಗಿಂತ ಎಷ್ಟೋ ತೆಳುವಾದ ಪೊರೆಗೆ ನೂರಾರು ವೋಲ್ಟುಗಳ ವಿದ್ಯುದಾವೇಶ ಕೊಟ್ಟು ನಡೆಸುವ ಈ ಜಾತಿಯನ್ನು ಜಪಾನಿನ ಸ್ಟ್ಯಾಕ್ಸ್ ಸಂಸ್ಥೆ 1960ರಲ್ಲಿಯೇ ಮಾರಾಟಕ್ಕೆ ತಂದಿತು. ಸೆನ್‌ಹೈಸರ್ ಸಂಸ್ಥೆ 1991ರಲ್ಲಿ ತಯಾರಿಸಿದ ಆರ್ಫಿಯಸ್ ಕೂಡ ಇದೇ ಜಾತಿಯದು. ಅದರ ಬೆಲೆಯಲ್ಲಿ ಮನೆಯೊಂದಕ್ಕೆ ಅಡಿಪಾಯ ಹಾಕಬಹುದಾಗಿತ್ತು. ತೇವದ ಗಾಳಿ ಇಂಥ ಪೊರೆಗೆ ಆಗದು. ಪಾವಗಡದ ಒಣಹವೆ ಒಗ್ಗೀತು, ಆದರೆ ಅಲ್ಲಿಯ ಧೂಳು ಒಗ್ಗದು.

ಬೆಲೆ ಏರಿದಷ್ಟೂ ನಾದ ಏರುತ್ತದೆಂದು ನಂಬುವವರೇ ಹೆಚ್ಚು. ಒಂದು ಮಟ್ಟದವರೆಗೆ ಅದು ದಿಟ. ಅದರಾಚೆಗೆ ಹತ್ತರಷ್ಟು ಹಣ ತೆತ್ತವನಿಗೆ ಸಿಗುವುದು ಕೂದಲೆಳೆಯ ಅಂತರ. ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಎಲ್ಲರೂ ಬೀಳುವ ಹಳ್ಳ ಒಂದುಂಟು. ಯಾವುದು ತುಸು ಗಟ್ಟಿಯಾಗಿ ನುಡಿಯುತ್ತದೆಯೋ ಅದೇ ಮೇಲೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಎರಡರ ದನಿಯನ್ನೂ ಒಂದೇ ಮಟ್ಟಕ್ಕೆ ತಂದ ಹೊರತು ಹೋಲಿಕೆಗೆ ಅರ್ಥವಿಲ್ಲ. ಎಚ್.ಡಿ. 600ರಂತಹ 300 ಓಮ್ ರೋಧವುಳ್ಳವು ಮೊಬೈಲಿಗೆ ನೇರವಾಗಿ ಸಿಕ್ಕಿಸಿದರೆ ಕ್ಷೀಣವಾಗಿ ನುಡಿಯಬಹುದು. ಅದು ಹೆಡ್‌ಫೋನಿನ ದೋಷವಲ್ಲ. ತಕ್ಕ ಆಂಪ್ಲಿಫೈಯರ್ ಇಲ್ಲದಿರುವುದೇ ಕಾರಣ.

ಪರೀಕ್ಷೆಗೆ ಯಾವುದನ್ನು ಕೇಳಬೇಕು? ವಿದೇಶೀ ಸಂಗೀತದ ಪಟ್ಟಿಗಳನ್ನು ಹುಡುಕಿ ಹೋಗಬೇಕಾಗಿಲ್ಲ. ತಂಬೂರಿಯ ಶ್ರುತಿಯೊಂದೇ ಅರ್ಧ ಗುಣವನ್ನು ಹೇಳಿಬಿಡುತ್ತದೆ: ಮೀಟಿದ ತಂತಿಯಿಂದ ಎದ್ದ ಉಪನಾದಗಳು ಎಳೆ ಎಳೆಯಾಗಿ ಬಿಡಿಸಿಕೊಳ್ಳಬೇಕು, ಜೇನುನೊಣದ ಗುಂಯ್ಗುಡುವಿಕೆಯಾಗಬಾರದು. ಮೃದಂಗದ ಎಡಮುಖದ ಗುಮುಕು ಉಬ್ಬಿ ಗಾಯಕನ ದನಿಯನ್ನು ಮುಸುಕಬಾರದು. ಇವೆರಡಕ್ಕಿಂತಲೂ ಸುಲಭವಾದ ಒರೆಗಲ್ಲು ಕನ್ನಡದ ಮಾತು. ಆಕಾಶವಾಣಿಯ ವಾರ್ತೆ ಓದುವವರ ಸಕಾರ, ಶಕಾರಗಳು ಬೇರೆ ಬೇರೆಯಾಗಿ ಕೇಳಬೇಕು. ಸಕಾರ ಸೂಜಿಯಂತೆ ಚುಚ್ಚಿದರೆ ಆ ಹೆಡ್‌ಫೋನಿನ ತಾರಸ್ವರಗಳು ಮಿತಿಮೀರಿವೆಯೆಂದೇ ತಿಳಿಯಬೇಕು. ಗುಬ್ಬಿ ಕಂಪನಿಯ ಕಾಲದ ರಂಗಗೀತೆಗಳಂತಹ ಹಳೆಯ ಗ್ರಾಮಫೋನ್ ಮುದ್ರಿಕೆಗಳನ್ನು ಪ್ರೀತಿಸುವವರಿಗಂತೂ ಇಂಥದು ಬೇಡವೇ ಬೇಡ. ತಟ್ಟೆಯ ಗೊರಗೊರವೇ ಹಾಡನ್ನು ನುಂಗಿಬಿಡುತ್ತದೆ.

ಶಿರಾ ಸೀಮೆಯಲ್ಲಿ ಇನ್ನೂ ಕಠಿಣವಾದ ಪರೀಕ್ಷೆಯೊಂದಿದೆ. ಕಾಡುಗೊಲ್ಲರು ತಮ್ಮ ವೀರನಾದ ಜುಂಜಪ್ಪನ ಕಾವ್ಯವನ್ನು ಹಾಡುವಾಗ ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲನ್ನು ನುಡಿಸುತ್ತಾರೆ. ಅದರಲ್ಲಿ ಸ್ವರದಷ್ಟೇ ಉಸಿರೂ ಉಂಟು. ಸಾಧಾರಣ ಹೆಡ್‌ಫೋನಿನಲ್ಲಿ ಆ ಉಸಿರು ಬರಿಯ ಗಾಳಿಸದ್ದಾಗಿ ಕೇಳಿದರೆ, ಒಳ್ಳೆಯದರಲ್ಲಿ ಬಿದಿರಿನೊಳಗೆ ಗಾಳಿ ಹೊರಳುವುದು ತಿಳಿಯುತ್ತದೆ. ಇಂತಹ ಹಾಡುಗಾರಿಕೆಯನ್ನು ಧ್ವನಿಮುದ್ರಣ ಮಾಡಿಕೊಳ್ಳಲು ಹೋಗುವವರಿಗೆ ಹೆಡ್‌ಫೋನು ವಿಲಾಸವಸ್ತುವಲ್ಲ. ಮೈಕಿಗೆ ಬಡಿಯುವ ಬಯಲುಗಾಳಿ, ದೂರದ ಪಂಪ್‌ಸೆಟ್ಟಿನ ಸದ್ದು, ಸಡಿಲವಾದ ವೈರಿನ ಕರಕರ ಇವನ್ನು ಅಲ್ಲಿಯೇ, ಆ ಕ್ಷಣದಲ್ಲಿಯೇ ಹಿಡಿಯದೆ ಹೋದರೆ ಮುಪ್ಪಿನ ಗಾಯಕನೊಬ್ಬನು ಇರುಳೆಲ್ಲ ಹಾಡಿದ್ದು ಕೆಟ್ಟುಹೋದಂತೆಯೇ. ಮತ್ತೊಮ್ಮೆ ಹಾಡಿಸಲು ಆತನಿರುತ್ತಾನೆಂಬ ಭರವಸೆಯೇನು? ಆ ಕೆಲಸಕ್ಕೆ ಮುಚ್ಚಿದ ಬಗೆಯದೇ ಆಗಬೇಕು. ತೆರೆದುದರಿಂದ ಸೋರಿದ ಸದ್ದನ್ನು ಮೈಕು ಮತ್ತೆ ಹೀರಿಕೊಳ್ಳುತ್ತದೆ.

ಇನ್ನು ಪಾಲನೆಯ ಮಾತು. ಹೆಡ್‌ಫೋನಿಗೆ ನಮ್ಮ ಮನೆಗಳಲ್ಲಿರುವ ಮೊದಲ ಶತ್ರು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಕಿವಿಯ ಮೆತ್ತೆ ಅದನ್ನು ಬತ್ತಿಯಂತೆ ಹೀರುತ್ತದೆ. ಮೇಲೆ ಬೆವರು, ಅದರ ಮೇಲೆ ಕೆಂಧೂಳು ಕೂತು ಕೆಲವೇ ತಿಂಗಳಲ್ಲಿ ಮೆತ್ತೆ ಅಂಟಂಟಾಗಿ ಗಟ್ಟಿಯಾಗುತ್ತದೆ. ಎಣ್ಣೆ ಹಚ್ಚಿದ ದಿನ ಸಂಗೀತಕ್ಕೆ ರಜೆ ಕೊಡುವುದು ಉತ್ತಮ. ಆಗದಿದ್ದರೆ ತಲೆಗೊಂದು ತೆಳು ಬಟ್ಟೆಯಾದರೂ ಇರಲಿ. ಮಖಮಲ್ಲಿನಂತಹ ಬಟ್ಟೆಯ ಮೆತ್ತೆಗಳನ್ನು ಬಿಚ್ಚಿ, ಉಗುರುಬೆಚ್ಚನೆಯ ನೀರಿನಲ್ಲಿ ಸೌಮ್ಯವಾದ ಸೋಪಿನಿಂದ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಮತ್ತೆ ಕೂರಿಸಬಹುದು. ಕೃತಕ ಚರ್ಮದವನ್ನು ನೀರಿನಲ್ಲಿ ಅದ್ದಬಾರದು, ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಸೋಕಿಸಬಾರದು. ಒದ್ದೆ ಬಟ್ಟೆಯಿಂದ ಒರಸಿ ಒಣಬಟ್ಟೆಯಿಂದ ಮತ್ತೊಮ್ಮೆ ಒರಸಿದರೆ ಸಾಕು. ಎಷ್ಟೇ ಕಾಪಾಡಿದರೂ ಮೆತ್ತೆ ಕೆಲವು ವರ್ಷಗಳಲ್ಲಿ ಚಪ್ಪಟೆಯಾಗುತ್ತದೆ. ಆಗ ಕಿವಿಗೂ ಪೊರೆಗೂ ನಡುವಿನ ಅಂತರ ತಗ್ಗಿ ನಾದವೇ ಬದಲಾಗುತ್ತದೆ. ಹೆಡ್‌ಫೋನು ಕೆಟ್ಟಿತೆಂದು ಮೂಲೆಗೆಸೆಯುವ ಮುನ್ನ ಹೊಸ ಮೆತ್ತೆ ಹಾಕಿ ನೋಡುವುದು ಜಾಣತನ. ಮೆತ್ತೆ, ತಲೆಪಟ್ಟಿ, ವೈರು ಎಲ್ಲವೂ ಬಿಡಿಯಾಗಿ ದೊರೆಯುವಂತಹುದನ್ನೇ ಕೊಳ್ಳಬೇಕೆನ್ನುವುದು ಇದಕ್ಕಾಗಿಯೇ.

ಬಟ್ಟಲಿನಲ್ಲಿ ಒಂದೇ ಒಂದು ಉದುರು ಕೂದಲು ಪೊರೆಯ ಮೇಲೆ ಬಿದ್ದರೂ ಮಂದ್ರಸ್ವರಗಳಲ್ಲಿ ಜಿರ್ರೆನ್ನುವ ಸದ್ದು ಹುಟ್ಟುತ್ತದೆ. ಬಾಯಿಂದ ರಭಸವಾಗಿ ಊದುವುದಾಗಲಿ ವ್ಯಾಕ್ಯೂಮ್ ಯಂತ್ರ ಹಿಡಿಯುವುದಾಗಲಿ ಸಲ್ಲದು. ಪೊರೆ ಒಳಕ್ಕೆ ಕುಸಿದರೆ ಕಥೆ ಮುಗಿಯಿತು. ಮೆತ್ತನೆಯ ಕುಂಚದಿಂದ, ಬಟ್ಟಲನ್ನು ಕೆಳಮುಖ ಮಾಡಿ ಹಿಡಿದು ತೆಗೆಯಬೇಕು. ಜುಮಕಿ ತೊಟ್ಟವರು ಅದನ್ನು ಕಳಚಿಟ್ಟು ಹೆಡ್‌ಫೋನು ಧರಿಸುವುದು ಲೇಸು. ವೈರನ್ನು ಬಿಗಿಯಾಗಿ ಸುತ್ತಬಾರದು. ಕೀಳುವಾಗ ವೈರನ್ನು ಎಳೆಯದೆ ಬುಡವನ್ನು ಹಿಡಿಯಬೇಕು. ಗೋಡೆಯ ಮೊಳೆಗೆ ನೇತುಹಾಕಿದರೆ ತಲೆಪಟ್ಟಿಯಲ್ಲಿ ಗುಳಿ ಬೀಳುತ್ತದೆ. ಬಿಸಿಲು ಬೀಳುವ ಕಿಟಕಿಯಲ್ಲಂತೂ ಇಡಲೇಬಾರದು. ಪಾವಗಡದ ತಿರುಮಣಿಯ ಬಳಿ 2,050 ಮೆಗಾವಾಟ್ ಸಾಮರ್ಥ್ಯದ ಸೌರಸ್ಥಾವರಕ್ಕೆ ಸಾಲುವ ಬಿಸಿಲು ಹೆಡ್‌ಫೋನಿನ ಅಂಟನ್ನು ಕರಗಿಸಲು ಸಾಲದೆ? ನಿಸ್ತಂತು ಹೆಡ್‌ಫೋನುಗಳಿಗೆ ಈ ಸೆಕೆ ಇನ್ನೂ ಕೆಟ್ಟದ್ದು. ಅವುಗಳ ಲಿಥಿಯಂ ಬ್ಯಾಟರಿ ಶಾಖದಲ್ಲಿ ಬೇಗ ಮುಪ್ಪಾಗುತ್ತದೆ. ಬಳಸದೆ ಬಹುದಿನ ಇಡುವುದಾದರೆ ಅರ್ಧದಷ್ಟು ತುಂಬಿಸಿ ತಂಪಾದ ಬೀರುವಿನಲ್ಲಿಡಬೇಕು.

ಕೆಟ್ಟ ಮೆತ್ತೆಯನ್ನು ಬದಲಿಸಬಹುದು, ಕೆಟ್ಟ ಕಿವಿಯನ್ನು ಬದಲಿಸಲಾಗದು. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರು ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್ ಮಟ್ಟದಲ್ಲಿ ಕೇಳಬಹುದು; ಮಕ್ಕಳಿಗೆ ಅದೇ ಅವಧಿಗೆ 75 ಡೆಸಿಬೆಲ್. ದನಿ ಮೂರು ಡೆಸಿಬೆಲ್ ಏರಿದರೆ ಅವಧಿ ಅರ್ಧಕ್ಕೆ ಇಳಿಯುತ್ತದೆ; 90ಕ್ಕೆ ಏರಿಸಿದರೆ ವಾರಕ್ಕೆ ಉಳಿಯುವುದು ನಾಲ್ಕೇ ಗಂಟೆ. ಪಾವಗಡದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವ ಕಾಲೇಜು ಹುಡುಗನು ಎಂಜಿನ್ನಿನ ಮೊರೆತವನ್ನು ಮೀರಿಸಲು ದನಿ ಏರಿಸುತ್ತ ಹೋದರೆ ಆ ವಾರದ ಪಾಲು ಒಂದೇ ಪ್ರಯಾಣದಲ್ಲಿ ಮುಗಿದುಹೋದೀತು. ಹೊರಗಿನ ಸದ್ದನ್ನು ಅಳಿಸುವ ಹೆಡ್‌ಫೋನುಗಳಿಗೆ ಹಣ ತೆರುವುದು ಇಲ್ಲಿ ಸಾರ್ಥಕ. ಅವುಗಳಿಂದ ಕಡಮೆ ದನಿಯಲ್ಲಿಯೇ ಹಾಡು ಸ್ಪಷ್ಟವಾಗುತ್ತದೆ. ಕಳಚಿಟ್ಟ ಮೇಲೆ ಕಿವಿಯಲ್ಲಿ ಗುಂಯ್ ಎಂದರೆ ಅದು ಎಚ್ಚರಿಕೆಯ ಗಂಟೆ. ಹಿರಿಯರಿಗೆ ಕಿವಿ ಮಂದವಾದಾಗ ದೊಡ್ಡ ಹೆಡ್‌ಫೋನು ತಂದು ದನಿ ಏರಿಸಿಕೊಡುವುದು ಚಿಕಿತ್ಸೆಯಲ್ಲ. ಹತ್ತಿರದ ಕಿವಿವೈದ್ಯರಲ್ಲಿಗೋ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಕರೆದೊಯ್ಯಬೇಕು.

ಕೊಳ್ಳುವವರು ಸಾಧ್ಯವಾದರೆ ಬೆಂಗಳೂರಿನವರೆಗೆ ಹೋಗಿ ಕೇಳಿಯೇ ಕೊಳ್ಳುವುದು ಮೇಲು. ಹೋಗುವಾಗ ತಮಗೆ ಪರಿಚಯವಾದ ನಾಲ್ಕು ಮುದ್ರಿಕೆಗಳನ್ನು ಜೊತೆಗೆ ಒಯ್ಯಬೇಕು. ಕನ್ನಡಕವನ್ನೂ ಧರಿಸಿಯೇ ಹೋಗಬೇಕು. ಅದರ ಕಡ್ಡಿ ಮೆತ್ತೆಯನ್ನು ಎತ್ತಿ ಮಂದ್ರಸ್ವರವನ್ನು ಸೋರಿಸುತ್ತದೆಯೋ ಇಲ್ಲವೋ ಅಲ್ಲಿಯೇ ತಿಳಿಯುತ್ತದೆ. ಅಂಗಡಿಯವರು ಎಷ್ಟು ಅವಸರಪಡಿಸಿದರೂ ಅರ್ಧ ಗಂಟೆಯಾದರೂ ಕಳಚದೆ ಕೂರಬೇಕು. ಐದು ನಿಮಿಷದಲ್ಲಿ ಹಗುರವೆನಿಸಿದ್ದು ಇಪ್ಪತ್ತನೆಯ ನಿಮಿಷದಲ್ಲಿ ನೆತ್ತಿಯನ್ನು ಒತ್ತತೊಡಗಿದರೆ ಅದನ್ನು ಅಲ್ಲಿಯೇ ಬಿಟ್ಟು ಬರಬಹುದು.